ಇಷ್ಟೇ ಏಕೆ?

ಬೆಂಗಳೂರಿನ ಹಳಬರು ಇಬ್ಬರು ಸೇರಿದರೆ ಕ್ಷೇಮ ಸಮಾಚಾರದ ಬೆನ್ನಿಗೇ ಬರುವ ಮಾತು ಒಂದೇ: ಎಷ್ಟೊಂದು ಆಗಿಬಿಟ್ಟಿವೆ! ಪಾರಿವಾಳ ಎಷ್ಟೊಂದು, ಬೀದಿನಾಯಿ ಎಷ್ಟೊಂದು, ಸೊಳ್ಳೆ ಎಷ್ಟೊಂದು, ಪಿ.ಜಿ.ಗಳು ಎಷ್ಟೊಂದು. ಯಾರೋ ರಾತ್ರೋರಾತ್ರಿ ಲಾರಿಯಲ್ಲಿ ತಂದು ಇಳಿಸಿ ಹೋದರೇನೋ ಎಂಬಂಥ ದೂರು ಆ ದನಿಯಲ್ಲಿರುತ್ತದೆ. ಅಪರಾಧಿಯೂ ಸಿದ್ಧ. ಕಾಳು ಹಾಕುವ ಅಜ್ಜಿ, ಅನ್ನ ಹಾಕುವ ಕಾಲೇಜು ಹುಡುಗಿ, ನಿದ್ದೆ ಹೊಡೆಯುತ್ತಿರುವ ಪಾಲಿಕೆ. ಇತ್ತೀಚೆಗೆ ಈ ಮಾತು ಕಿವಿಗೆ ಬಿದ್ದರೆ ನನಗೆ ಕಿರಿಕಿರಿಯಾಗುತ್ತದೆ. ಜೀವಿ ಎಂದ ಮೇಲೆ ಹೆಚ್ಚುವುದು ಅದರ ಜಾಯಮಾನ. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಇಷ್ಟು ಕಾಲ ಹೆಚ್ಚದಂತೆ ಅದನ್ನು ಹಿಡಿದಿಟ್ಟದ್ದು ಯಾವುದು, ಆ ಹಿಡಿತ ಯಾವಾಗ ಸಡಿಲಿತು ಎಂದು ಯಾರೂ ಕೇಳುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಅಡುಗೆಮನೆಯ ಹಿಂದಿನ ಡಕ್ಟ್‌ನಲ್ಲಿ, ಪೈಪುಗಳು ತಿರುಗುವ ಮೂಲೆಯಲ್ಲಿ, ಒಂದು ಜೋಡಿ ಪಾರಿವಾಳ ನಾಲ್ಕು ಕಡ್ಡಿ, ಎರಡು ತಂತಿ ತುಂಡು ಇಟ್ಟುಕೊಂಡು ಸಂಸಾರ ಹೂಡಿದೆ. ಸಲಕ್ಕೆ ಎರಡು ಮೊಟ್ಟೆ, ಹದಿನೆಂಟು ದಿನದ ಆಸುಪಾಸಿನಲ್ಲಿ ಮರಿ, ಇನ್ನೊಂದು ತಿಂಗಳು ಕಳೆದರೆ ಮರಿ ಹಾರಿಹೋಗುತ್ತದೆ. ನಮ್ಮ ಊರಿನ ಹವೆಯಲ್ಲಿ ಇದು ವರ್ಷವಿಡೀ ನಡೆಯುವ ವ್ಯವಹಾರ. ವರ್ಷಕ್ಕೆ ಆರೇ ಮರಿ ಉಳಿದವು ಎನ್ನೋಣ. ಯಾವುದೂ ಸಾಯಲಿಲ್ಲ, ಮರುವರ್ಷ ಎಲ್ಲವೂ ಜೋಡಿ ಕಟ್ಟಿದವು ಎನ್ನೋಣ. ಎರಡು ಎಂಟಾಗುತ್ತದೆ, ಎಂಟು ಮೂವತ್ತೆರಡಾಗುತ್ತದೆ. ಹತ್ತನೆಯ ವರ್ಷದ ಕೊನೆಗೆ ಈ ಒಂದು ಡಕ್ಟ್‌ನ ಒಂದು ಜೋಡಿಯಿಂದಲೇ 20,97,152 ಪಾರಿವಾಳ. ಡಾರ್ವಿನ್ 1859ರಲ್ಲಿ ಇಂಥದೇ ಲೆಕ್ಕವನ್ನು ಎಲ್ಲಕ್ಕಿಂತ ನಿಧಾನವಾಗಿ ಮರಿ ಹಾಕುವ ಆನೆಯ ಮೇಲೆ ಮಾಡಿ ತೋರಿಸಿದ್ದ. ಆನೆಯೂ ಭೂಮಿಯನ್ನು ತುಂಬಿಬಿಡುತ್ತದೆ, ಕಾಲ ಸ್ವಲ್ಪ ಹೆಚ್ಚು ಬೇಕು ಅಷ್ಟೇ. ಅವನಿಗೆ ಆ ದಾರಿ ತೋರಿಸಿದ್ದು 1798ರಲ್ಲಿ ಜನಸಂಖ್ಯೆಯ ಬಗ್ಗೆ ಬರೆದ ಮಾಲ್ಥಸ್. ನಮ್ಮ ಡಕ್ಟ್‌ನಲ್ಲಿ ಇಪ್ಪತ್ತೊಂದು ಲಕ್ಷ ಪಾರಿವಾಳ ಇಲ್ಲ. ಅಂದರೆ ಮರಿಗಳಲ್ಲಿ ಬಹುಪಾಲು ಎಲ್ಲೋ, ಯಾವುದೋ ಕಾರಣಕ್ಕೆ ತೀರಿಕೊಳ್ಳುತ್ತಿವೆ, ಅಥವಾ ಮೊಟ್ಟೆಯಿಡಲು ಜಾಗ ಸಿಗದೆ ಒಂಟಿಯಾಗಿಯೇ ಉಳಿಯುತ್ತಿವೆ. ಇಷ್ಟೇ ಏಕೆ ಇವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಇಷ್ಟೊಂದು ಏಕೆ ಇವೆ ಎಂಬುದಕ್ಕೂ ತಾನಾಗಿ ಸಿಗುತ್ತದೆ.

ಹಿಟ್ಟಿನ ಪಾತ್ರೆಯೊಳಗೆ

ಈ ವಿಷಯದಲ್ಲಿ ನನ್ನ ಮೊದಲ ಪ್ರಯೋಗಶಾಲೆ ಅತ್ತೆಯ ಅಡುಗೆಮನೆ. ಡಿಸೆಂಬರ್ ಬಂತೆಂದರೆ ಅತ್ತೆಗೆ ಇಡ್ಲಿ ಹಿಟ್ಟಿನ ಚಿಂತೆ. ರಾತ್ರಿ ಹದಿನೈದು ಹದಿನಾರು ಡಿಗ್ರಿಗೆ ಇಳಿಯುವ ಬೆಂಗಳೂರಿನ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ. ಪಾತ್ರೆಗೆ ಹಳೆಯ ಕಂಬಳಿ ಸುತ್ತಿ, ಫ್ರಿಜ್ಜಿನ ಸ್ಟೆಬಿಲೈಸರ್ ಮೇಲೆ ಕೂರಿಸಿ, ರಾತ್ರಿ ನೀರು ಕುಡಿಯಲು ಎದ್ದಾಗ ಮುಚ್ಚಳ ಎತ್ತಿ ಮೂಸಿ ನೋಡಿ ಮಲಗುತ್ತಿದ್ದರು. ಚೆನ್ನೈನಲ್ಲಿರುವ ನಾದಿನಿಗೆ ಇದರ ತದ್ವಿರುದ್ಧ ಚಿಂತೆ. ಸ್ವಲ್ಪ ಮೈಮರೆತರೆ ಹಿಟ್ಟು ಪಾತ್ರೆಯಿಂದ ಹೊರಗೆ, ಬೆಳಗ್ಗೆ ಬಾಯಿಗಿಡಲಾಗದಷ್ಟು ಹುಳಿ. ಅದೇ ಅಕ್ಕಿ, ಅದೇ ಉದ್ದು, ಕೈಯೂ ಒಂದೇ ಮನೆತನದ್ದು.

ಆ ಪಾತ್ರೆಯೊಳಗೆ ನಡೆಯುವುದು ಪೂರ್ತಿ ಒಂದು ಜನಸಂಖ್ಯೆಯ ಕಥೆ. ಉದ್ದಿನ ಜೊತೆಯಲ್ಲೇ ಬರುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಮೊದಲು ಹೆಚ್ಚುತ್ತದೆ. ಅದು ಬಿಡುವ ಅನಿಲದಿಂದ ಹಿಟ್ಟು ಉಬ್ಬುತ್ತದೆ, ಅದು ಬಿಡುವ ಆಮ್ಲದಿಂದ ಹುಳಿಯಾಗುತ್ತದೆ. ಮೊದಲ ಕೆಲವು ಗಂಟೆ ಏನೂ ಆಗುತ್ತಿಲ್ಲ ಎನ್ನಿಸಿ, ನಡುರಾತ್ರಿಯ ಹೊತ್ತಿಗೆ ಸರ್ರನೆ ಏರಿ, ಬೆಳಗಿನ ಜಾವಕ್ಕೆ ನಿಲ್ಲುತ್ತದೆ. 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ವೆರ್ಹುಲ್ಸ್ಟ್ ಕಾಗದದ ಮೇಲೆ ಬರೆದದ್ದು ಇದೇ ವಕ್ರರೇಖೆಯನ್ನು: ಮೊದಲು ಮೆಲ್ಲಗೆ, ಆಮೇಲೆ ಕಡಿದಾಗಿ, ಕೊನೆಗೆ ಸಮತಟ್ಟು. ನನಗೆ ಕುತೂಹಲವಿರುವುದು ಆ ಕೊನೆಯ ಸಮತಟ್ಟಿನ ಬಗ್ಗೆ. ಬ್ಯಾಕ್ಟೀರಿಯಾ ನಿಂತದ್ದು ಆಹಾರ ಮುಗಿದಿದ್ದರಿಂದ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆಹಾರ ಮುಗಿದಿದ್ದರೆ ನಾವು ಬೆಳಗ್ಗೆ ತಿನ್ನುವುದೇನನ್ನು? ಪಿಷ್ಟವೆಲ್ಲ ಅಲ್ಲೇ ಇದೆ. ಲ್ಯೂಕೊನಾಸ್ಟಾಕ್ ನಿಲ್ಲುವುದು ತಾನೇ ಬಿಟ್ಟ ಆಮ್ಲದಲ್ಲಿ ತಾನೇ ಬದುಕಲಾರದೆ. ಅದರ ಜಾಗಕ್ಕೆ ಹೆಚ್ಚು ಹುಳಿ ತಾಳುವ ಬೇರೆ ಬ್ಯಾಕ್ಟೀರಿಯಾಗಳು ಬರುತ್ತವೆ. ಮಂಗಳವಾರ ಮಾಡಿಟ್ಟ ಹಿಟ್ಟಿನ ಶುಕ್ರವಾರದ ದೋಸೆ ಅವುಗಳ ಕೃಪೆ.

ಎರಡು ಬಗೆಯ ಹಿಡಿತ ಈ ಒಂದು ಪಾತ್ರೆಯಲ್ಲಿ ಸಿಗುತ್ತದೆ. ಡಿಸೆಂಬರಿನ ಚಳಿಗೆ ಒಳಗೆ ಎಷ್ಟು ಬ್ಯಾಕ್ಟೀರಿಯಾ ಇವೆ ಎಂಬುದರ ಪರಿವೆ ಇಲ್ಲ. ನೂರಿದ್ದರೂ ಕೋಟಿ ಇದ್ದರೂ ಎಲ್ಲವನ್ನೂ ಒಂದೇ ಸಮನೆ ಮರಗಟ್ಟಿಸುತ್ತದೆ. ಆಮ್ಲದ ಸ್ವಭಾವ ಬೇರೆ. ಕಡಿಮೆ ಇದ್ದಾಗ ಅದು ಲೆಕ್ಕಕ್ಕೇ ಇಲ್ಲ. ಗುಂಪು ದಟ್ಟವಾದಷ್ಟೂ ಅದರ ಬಿಗಿ ಹೆಚ್ಚುತ್ತದೆ. ಬರ, ಪ್ರವಾಹ, ಕಾಡ್ಗಿಚ್ಚು ಮೊದಲ ಜಾತಿಗೆ ಸೇರಿದವು. ಹಸಿವು, ಅಂಟುರೋಗ, ಗೂಡಿನ ಜಾಗಕ್ಕೆ ಜಗಳ, ತಮ್ಮದೇ ಕಸ, ಇವು ಎರಡನೆಯ ಜಾತಿಗೆ. ಶಾಲೆಯಲ್ಲಿ ಇವೆರಡನ್ನೂ ಎರಡು ಅಂಕದ ಪ್ರಶ್ನೆಯಾಗಿ ಓದಿ ಮರೆತವರೇ ನಾವೆಲ್ಲ. ಬೆಂಗಳೂರಿನ ಕೆರೆಗಳ ದಡದಲ್ಲಿ ನಿಂತಾಗ ಈ ವ್ಯತ್ಯಾಸ ಎರಡು ಅಂಕಕ್ಕಿಂತ ಬಹಳ ದೊಡ್ಡದೆಂದು ಗೊತ್ತಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಗುಬ್ಬಿಗೆ ಸಿಗದ್ದು, ಪಾರಿವಾಳಕ್ಕೆ ಬೇಡದ್ದು

ಗುಬ್ಬಚ್ಚಿ ಹೋಯಿತು, ಪಾರಿವಾಳ ಬಂತು. ಇದು ನಮ್ಮ ನಗರದ ಇನ್ನೊಂದು ಗೊಣಗಾಟ. ಮೊಬೈಲ್ ಗೋಪುರಗಳೇ ಗುಬ್ಬಿಯನ್ನು ಕೊಂದವು ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ಸುತ್ತುತ್ತಿದೆ. ಅದಕ್ಕೆ ಗಟ್ಟಿಯಾದ ಆಧಾರ ಇಲ್ಲ. 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಡಿಮೆ ಇದ್ದಷ್ಟೇ ಇದೆ; ಇಳಿದಿರುವುದು ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ. ಹಾಗಾದರೆ ಮಹಾನಗರದಲ್ಲಿ ಗುಬ್ಬಿಗೆ ಸಾಲದೇ ಹೋದದ್ದು ಯಾವುದು? ಕಾಳು ಸಾಲದೆ ಹೋಗಿಲ್ಲ. ದಿನಸಿ ಅಂಗಡಿಗಳು ಮೊದಲಿಗಿಂತ ಹೆಚ್ಚೇ ಇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಷ್ಪ್ರೆಂಗೆಲ್ ಹೇಳಿ, ಲೀಬಿಗ್ ಜನಪ್ರಿಯಗೊಳಿಸಿದ ಒಂದು ನಿಯಮವಿದೆ. ಗಿಡದ ಬೆಳವಣಿಗೆಯನ್ನು ನಿರ್ಧರಿಸುವುದು ಅದಕ್ಕೆ ಬೇಕಾದ ಪೋಷಕಾಂಶಗಳ ಒಟ್ಟು ಮೊತ್ತವಲ್ಲ, ಅಗತ್ಯಕ್ಕೆ ಹೋಲಿಸಿದರೆ ಅತಿ ಕಡಿಮೆ ಇರುವ ಒಂದೇ ಒಂದು ಪೋಷಕಾಂಶ. ನಮ್ಮ ರೈತರಿಗೆ ಇದು ಹೊಸದಲ್ಲ. ಜಿಂಕ್ ಕೊರತೆಯಿರುವ ಗದ್ದೆಗೆ ಮೂಟೆ ಮೂಟೆ ಯೂರಿಯಾ ಸುರಿದರೂ ಪೈರು ಏಳುವುದಿಲ್ಲ. ಹಕ್ಕಿಗಳ ಮಟ್ಟಿಗೂ ಈ ನಿಯಮ ಇಟ್ಟುಕೊಂಡು ನೋಡಬಹುದು. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ನಿಜ. ಮರಿಗುಬ್ಬಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಹುಳುಹುಪ್ಪಟೆ. ಹಿತ್ತಿಲು, ಬೇಲಿ, ಮನೆಮುಂದಿನ ದಾಸವಾಳ, ಸಗಣಿ ಗುಂಡಿ, ಇವೆಲ್ಲ ಹೋದಾಗ ಹೋದದ್ದು ಆ ಹುಳು. ಜೊತೆಗೆ ಹೆಂಚಿನ ಸಂದಿ, ಗೋಡೆಯಲ್ಲಿದ್ದ ಪಟದ ಹಿಂಬದಿ, ಮಣ್ಣಿನ ಗೋಡೆಯ ತೂತು. ಈಗಿನ ಮನೆಗಳಲ್ಲಿ ಇರುವೆಗೂ ಸಂದಿ ಸಿಗದಂತೆ ಪುಟ್ಟಿ ಬಳಿಯುತ್ತಾರೆ. ದಿನಕ್ಕೊಂದು ಸೇರು ನವಣೆ ಸುರಿದರೂ ಗುಬ್ಬಿ ಮರಳಿ ಬರದಿರುವುದು ಅದಕ್ಕೆ.

ಪಾರಿವಾಳದ ಜಾಣತನವಿರುವುದು ಇಲ್ಲೇ. ಅದರ ಮರಿಗೆ ಹುಳು ಬೇಡ. ಗಂಡು ಹೆಣ್ಣು ಎರಡೂ ತಮ್ಮ ಕೊರಳ ಚೀಲದಲ್ಲಿ ಮೊಸರಿನಂಥದೊಂದು ಸ್ರಾವವನ್ನು ತಯಾರಿಸಿ ಮರಿಗೆ ಉಣಿಸುತ್ತವೆ. ಅಮ್ಮ ಅಪ್ಪ ತಿಂದ ಜೋಳವೇ ಮರಿಗೆ ಹಾಲಾಗುತ್ತದೆ. ಕಾಳು ಸಿಗುವ ಊರಿನಲ್ಲಿ, ಹುಳು ಸತ್ತರೂ ಬದುಕುವ ವ್ಯವಸ್ಥೆ ಇದು. ಇನ್ನು ಗೂಡು: ಇದರ ಪೂರ್ವಜರು ಬಂಡೆಗಲ್ಲಿನ ಕೋಡುಗಳಲ್ಲಿ ಮೊಟ್ಟೆಯಿಡುತ್ತಿದ್ದವು. ಮರ ಬೇಡ, ಪೊದೆ ಬೇಡ, ಮಳೆ ಬೀಳದ ಒಂದು ಅಂಚು ಸಾಕು. ಕಳೆದ ಎರಡು ಮೂರು ದಶಕಗಳಲ್ಲಿ ನಾವು ಬೆಂಗಳೂರಿನ ಉದ್ದಗಲಕ್ಕೂ ಕಟ್ಟಿದ್ದು ಇಂಥ ಅಂಚುಗಳನ್ನೇ: ಡಕ್ಟ್, ಸಜ್ಜೆ, ಎ.ಸಿ.ಯ ಹಿಂಬದಿ, ಯುಟಿಲಿಟಿಯ ಮೇಲ್ಗಡೆ. ಪಾರಿವಾಳವನ್ನು ಹಿಡಿದಿಟ್ಟಿದ್ದ ಕೊರತೆ ಅಂಚಿನದು. ಅದನ್ನು ಸಾಲ ಮಾಡಿ, ಇ.ಎಂ.ಐ. ಕಟ್ಟಿ ನೀಗಿಸಿದವರು ನಾವು.

ಬಾಸೆಲ್‌ನ ಒಂದು ಲಕ್ಷ

ನಮ್ಮ ಅಪಾರ್ಟ್‌ಮೆಂಟಿನ ಸಭೆಗೆ ಒಂದು ಭಾನುವಾರ ಇದೇ ವಿಷಯ ಬಂತು. ನೆಲಮಾಳಿಗೆಯಲ್ಲಿ ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ, ಕಾಫಿ ಫ್ಲಾಸ್ಕು, ಸಹಿ ಪುಸ್ತಕ. ಮೊದಲ ಹದಿನೈದು ನಿಮಿಷ ಮೂರನೆಯ ಮಹಡಿಯ ಅಜ್ಜಿಯ ವಿಚಾರಣೆ. ಅವರು ತಾರಸಿಯಲ್ಲಿ ದಿನಾ ಜೋಳ ಚೆಲ್ಲುತ್ತಾರೆ. 'ಹಕ್ಕಿಗೆ ಎರಡು ಕಾಳು ಹಾಕಿದರೆ ನಿಮ್ಮ ಗಂಟೇನು ಹೋಗುತ್ತದೆ ಸ್ವಾಮಿ?' ಎಂದು ಅಜ್ಜಿ ಕಾರ್ಯದರ್ಶಿಯನ್ನು ಕೇಳಿದರು. 'ಎರಡು ಕಾಳು ಅಲ್ಲ ಅಮ್ಮ, ಎರಡು ಕಿಲೋ' ಎಂದರು ಕಾರ್ಯದರ್ಶಿ. ನಾಲ್ಕನೆಯ ಮಹಡಿಯ ನಿವೃತ್ತ ಎಂಜಿನಿಯರ್ ಒಬ್ಬರು ಎದ್ದು, ಹಿಡಿಸಿ ಎಲ್ಲಾದರೂ ದೂರ ಬಿಡಿಸಿ, ಇಲ್ಲವೇ ಮುಗಿಸಿ ಎಂದರು. ಕೊನೆಗೆ ಬಲೆ ಹಾಕುವವರನ್ನು ಕರೆಸುವುದೆಂದು ತೀರ್ಮಾನವಾಯಿತು. ಅಳತೆ ತೆಗೆದುಕೊಳ್ಳಲು ಬಂದ ಹುಡುಗನನ್ನು, ಬಲೆ ಹಾಕಿದ ಮೇಲೆ ಅವು ಎಲ್ಲಿಗೆ ಹೋಗುತ್ತವಪ್ಪ ಎಂದು ಕೇಳಿದೆ. 'ಪಕ್ಕದ ಅಪಾರ್ಟ್‌ಮೆಂಟಿಗೆ ಮೇಡಂ. ಮುಂದಿನ ತಿಂಗಳು ಅವರೂ ನಮಗೇ ಫೋನ್ ಮಾಡುತ್ತಾರೆ' ಎಂದ. ಆ ಸಭೆಯಲ್ಲಿ ಯಾರೂ ಆಡದಷ್ಟು ವಿವೇಕದ ಮಾತು.

ಎಂಜಿನಿಯರ್ ಸಾಹೇಬರ ಸಲಹೆಯನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಕಾಲು ಶತಮಾನ ಮಾಡಿ ನೋಡಿದೆ. 1961ರಿಂದ 1985ರ ನಡುವೆ ಅಲ್ಲಿ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಹಿಡಿದು, ಗುಂಡಿಕ್ಕಿ ಕೊಂದರು. ಅಲ್ಲಿದ್ದದ್ದು ಸುಮಾರು ಇಪ್ಪತ್ತು ಸಾವಿರ. ಒಂದು ಲಕ್ಷ ಕೊಂದ ಮೇಲೂ ಇದ್ದದ್ದು ಸುಮಾರು ಇಪ್ಪತ್ತು ಸಾವಿರವೇ. ಕೊಂದಷ್ಟೂ ಉಳಿದವುಗಳಿಗೆ ಕಾಳು ಹೆಚ್ಚು ಸಿಕ್ಕಿತು, ಅಂಚುಗಳು ತೆರವಾದವು, ಹಸಿದು ಸಾಯಬೇಕಿದ್ದ ಮರಿಗಳು ಬದುಕಿದವು. ಆ ನಗರದಲ್ಲಿ ಇಪ್ಪತ್ತು ಸಾವಿರ ಪಾರಿವಾಳಗಳಿಗೆ ಸ್ಥಳವಿತ್ತು. ಸ್ಥಳ ಇರುವಷ್ಟು ದಿನ ಅದು ತುಂಬುತ್ತಲೇ ಇತ್ತು. 1988ರಲ್ಲಿ ದಾರಿ ಬದಲಿಸಿ, ಜನರಿಗೆ ಕಾಳು ಹಾಕಬೇಡಿ ಎಂದು ತಿಳಿಹೇಳುವ ಚಳವಳಿ ಆರಂಭಿಸಿದರು. ನಾಲ್ಕು ವರ್ಷ ಚಿಲ್ಲರೆಯಲ್ಲಿ ಎಣಿಕೆಯಲ್ಲಿದ್ದ ಗುಂಪುಗಳು ಸುಮಾರು ಅರ್ಧಕ್ಕೆ ಇಳಿದವು. ಅಜ್ಜಿಯನ್ನು ಬೈಯುವುದರಲ್ಲಿ ಸ್ವಲ್ಪ ನ್ಯಾಯವಿದೆ ಎಂದು ಒಪ್ಪಬೇಕಾಗುತ್ತದೆ. ಆದರೆ ಒಬ್ಬ ಅಜ್ಜಿ ನಿಲ್ಲಿಸಿದರೆ ಪಾರಿವಾಳ ಇನ್ನೊಂದು ತಾರಸಿ ಹುಡುಕಿಕೊಳ್ಳುತ್ತದೆ. ಊರಿಗೆ ಊರೇ ನಿಲ್ಲಿಸಬೇಕು. ಅದು ಎಷ್ಟು ಕಷ್ಟ ಎಂಬುದನ್ನು 2025ರಲ್ಲಿ ಮುಂಬೈನಲ್ಲಿ ಜನ ಪಾರಿವಾಳಗಳಿಗೆ ಕಾಳು ಹಾಕುವ ದಾದರ್ ಕಬೂತರ್‌ಖಾನೆ ಮುಚ್ಚಿದಾಗ ಎದ್ದ ಗಲಾಟೆಯಲ್ಲಿ ನೋಡಿದ್ದೇವೆ.

ಕೊಂದರೆ ಕಡಿಮೆಯಾಗುವುದೇ ಇಲ್ಲ ಎಂದುಕೊಳ್ಳುವುದೂ ತಪ್ಪು. ರಾಮನಗರದ ರಾಮದೇವರ ಬೆಟ್ಟದಲ್ಲಿ, 2012ರಿಂದ ರಣಹದ್ದು ಧಾಮವಾಗಿರುವ ಆ ಬಂಡೆಗಳಲ್ಲಿ, ಇದರ ಉಲ್ಟಾ ಕಥೆ ಇದೆ. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಹುಟ್ಟಿ ಐದಾರು ವರ್ಷ ಕಳೆದ ಮೇಲೆ. ಇಂಥ ಹಕ್ಕಿಯ ಬದುಕು ನಿಂತಿರುವುದು ದೊಡ್ಡ ಹಕ್ಕಿಗಳು ಬಹುಕಾಲ ಬಾಳುವುದರ ಮೇಲೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ನೋವು ನಿವಾರಕ ಉಳಿದಿದ್ದ ಹೆಣಗಳನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. ನೂರು ಹೆಣಗಳಲ್ಲಿ ಒಂದರಲ್ಲಿ ಈ ವಿಷ ಇರಬೇಕಾಗಿಯೂ ಇರಲಿಲ್ಲ. ಅದಕ್ಕಿಂತ ಕಡಿಮೆ ಪ್ರಮಾಣವೇ ದೇಶದ ರಣಹದ್ದುಗಳನ್ನು ಅಳಿವಿನ ಅಂಚಿಗೆ ತರಲು ಸಾಕಿತ್ತು ಎಂದು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. 2006ರಲ್ಲಿ ಪಶುಗಳಿಗೆ ಆ ಔಷಧದ ಬಳಕೆ ನಿಷೇಧವಾಯಿತು. ಊಟಕ್ಕೆ ಯಾವ ಕೊರತೆಯೂ ಇರಲಿಲ್ಲ ಅವಕ್ಕೆ, ಊಟವೇ ಕೊಂದಿತು. ಪಾರಿವಾಳದ ಲಕ್ಷ ಸಾವು ಲೆಕ್ಕಕ್ಕಿಲ್ಲ, ರಣಹದ್ದಿನ ಒಂದೊಂದು ಸಾವೂ ಲೆಕ್ಕಕ್ಕಿದೆ.

(ನಾಯಿಗಳ ಬಗ್ಗೆ ಇಲ್ಲಿ ಬರೆದರೆ ಮಾತು ಎಲ್ಲಿಗೋ ಹೋಗುತ್ತದೆ. ಪಾಲಿಕೆಯ ಸಮೀಕ್ಷೆಯಲ್ಲಿ 2019ರಲ್ಲಿ ಸುಮಾರು 3.1 ಲಕ್ಷ ಇದ್ದದ್ದು 2023ರಲ್ಲಿ ಸುಮಾರು 2.8 ಲಕ್ಷಕ್ಕೆ ಇಳಿದಿತ್ತು, ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಹುಟ್ಟು ಕಡಿಮೆಯಾಗುತ್ತಿದೆ ಎಂಬಷ್ಟಕ್ಕೆ ನಿಲ್ಲಿಸುತ್ತೇನೆ. ಮೂಲೆಮೂಲೆಯ ಕಸದ ರಾಶಿ ಇನ್ನೂ ಅಲ್ಲೇ ಇದೆ.)

ಬತ್ತುತ್ತಿದ್ದ ಕೆರೆ

ಅಪ್ಪನ ಊರು ವೈಟ್‌ಫೀಲ್ಡ್ ದಾಟಿ ಮಾಲೂರಿನ ಕಡೆ ಹೋಗುವ ದಾರಿಯಲ್ಲಿದೆ. ಊರಿಗೊಂದು ಸಣ್ಣ ಕೆರೆ. ಬೇಸಿಗೆ ರಜೆಗೆ ಹೋದಾಗ ನಾವು ಕಾಯುತ್ತಿದ್ದದ್ದು ಆ ಕೆರೆ ಬತ್ತುವುದನ್ನು. ಏಪ್ರಿಲ್ ಹೊತ್ತಿಗೆ ತೂಬಿನ ಹತ್ತಿರ ಮಾತ್ರ ಮೊಣಕಾಲುದ್ದದ ನೀರು ಉಳಿಯುತ್ತಿತ್ತು. ಒಂದು ಬೆಳಗ್ಗೆ ಯಾರೋ ಏರಿಯ ಮೇಲಿಂದ ಕೂಗುತ್ತಿದ್ದರು. ಊರೇ ಕೂಳಿ, ಬುಟ್ಟಿ, ಹಳೆಯ ಸೀರೆ ಹಿಡಿದು ಕೆಸರಿಗೆ ಇಳಿಯುತ್ತಿತ್ತು. ಮೇಲೆ ಹದ್ದುಗಳ ಸುತ್ತಾಟ, ಅಂಚಿನಲ್ಲಿ ಬೆಳ್ಳಕ್ಕಿಗಳ ಸಾಲು, ಮಧ್ಯದಲ್ಲಿ ಮಣ್ಣು ಮೆತ್ತಿಕೊಂಡು ಗುರುತೇ ಸಿಗದ ನಮ್ಮ ಚಿಕ್ಕಪ್ಪ. ಮಧ್ಯಾಹ್ನದೊಳಗೆ ಕೆರೆಯಲ್ಲಿ ಒಂದು ಮೀನೂ ಉಳಿಯಲಿಲ್ಲವೆನ್ನಿಸುತ್ತಿತ್ತು. ಮುಂದಿನ ವರ್ಷಕ್ಕೆ ಮೀನು ಎಲ್ಲಿಂದ ಬರುತ್ತದೆ ಎಂದು ಅಳುಮುಖ ಮಾಡಿ ಕೇಳಿದ್ದೆ. 'ಕೊರವ ಸಾಯುವುದಿಲ್ಲ ಪುಟ್ಟಿ, ಕೆಸರಿನೊಳಗೆ ಹೂತುಕೊಂಡು ಮಲಗಿರುತ್ತದೆ' ಎಂದರು ಚಿಕ್ಕಪ್ಪ. ಕೊರವ ನೀರಿನ ಹೊರಗೂ ಗಾಳಿ ಎಳೆದುಕೊಳ್ಳಬಲ್ಲ ಮೀನು ಎಂದು ಬಹಳ ಕಾಲದ ನಂತರ ಓದಿ ತಿಳಿದೆ. ಮೇ ತಿಂಗಳಲ್ಲಿ ಕೆರೆಯಂಗಳ ಬಿರುಕು ಬಿಟ್ಟು, ಅಲ್ಲಿ ದನ ಮೇಯುತ್ತಿದ್ದವು, ಗಾಡಿಗಟ್ಟಲೆ ಹೂಳು ಹೊಲಗಳಿಗೆ ಹೋಗುತ್ತಿತ್ತು.

ಈಗ ಯೋಚಿಸಿದರೆ ಆ ಬತ್ತುವಿಕೆ ಕೆರೆಯ ದೋಷವಾಗಿರಲಿಲ್ಲ. ಎಷ್ಟು ಮೀನಿದೆ, ಎಷ್ಟು ಕಳೆಯಿದೆ, ಎಷ್ಟು ಸೊಳ್ಳೆ ಮರಿಯಿದೆ ಎಂದು ಕೇಳದೆ ವರ್ಷಕ್ಕೊಮ್ಮೆ ಎಲ್ಲರ ಲೆಕ್ಕವನ್ನೂ ಹೆಚ್ಚುಕಡಿಮೆ ಸೊನ್ನೆಗೆ ಇಳಿಸುತ್ತಿದ್ದ ಹಿಡಿತ ಅದು, ಡಿಸೆಂಬರಿನ ಚಳಿಯ ಜಾತಿಗೆ ಸೇರಿದ್ದು. ಬೆಂಗಳೂರಿನ ಸುತ್ತಲಿನ ಕೆರೆಗಳೆಲ್ಲ ಹೀಗೆಯೇ ಮಳೆ ನಂಬಿ ಕಟ್ಟಿದವು. ಮಳೆಯಲ್ಲಿ ತುಂಬಿ ಕೋಡಿ ಬಿದ್ದು, ಬೇಸಿಗೆಯಲ್ಲಿ ತಳ ಕಾಣುವಂಥವು. ಇಂದು ನಮ್ಮ ಅಪಾರ್ಟ್‌ಮೆಂಟಿನ ಹತ್ತಿರದ ಕೆರೆ ಮೇ ತಿಂಗಳ ಉರಿಯಲ್ಲೂ ತುಂಬಿ ತುಳುಕುತ್ತಿರುತ್ತದೆ. ಆ ನೀರು ನಮ್ಮದೇ ಬಚ್ಚಲಿನದು.

ಹೇಗೆ ಎಂದರೆ, ಈ ಊರಿಗೆ ನದಿಯಿಲ್ಲ. ದಿಬ್ಬದ ಮೇಲೆ ಕೂತ ಊರು ಇದು. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಎಂದು ಅರ್ಕಾವತಿಯ ನೀರನ್ನು ಹಿಡಿದು ಕುಡಿದು ಮುಗಿಸಿದ ಮೇಲೆ, 1974ರಿಂದ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಿದ್ದೇವೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತ ಒಂದೇ ದಿನಕ್ಕೆ 77.5 ಕೋಟಿ ಲೀಟರ್ ತರುವಂಥದ್ದು. ನೀರು ಸರಬರಾಜಿನ ಎಂಜಿನಿಯರುಗಳ ಮಾಮೂಲಿ ಲೆಕ್ಕದಲ್ಲಿ ಮನೆಗೆ ಬಂದ ನೀರಿನ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಹೋಗುತ್ತದೆ. ಅದು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಮನುಷ್ಯರಿಗಿದ್ದ ಒಂದು ಮಿತಿಯನ್ನು ಪೈಪು ಹಾಕಿ ಕಿತ್ತೆವು. ಅದೇ ಪೈಪು ಕೆರೆಗಳಿಗಿದ್ದ ಬೇಸಿಗೆಯನ್ನೂ ಕಿತ್ತುಹಾಕಿತು.

ನೀರಷ್ಟೇ ಬಂದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಕೊಳಚೆಯ ಜೊತೆ ಮಲಮೂತ್ರದ, ಸಾಬೂನುಪುಡಿಯ ರಂಜಕ ಬರುತ್ತದೆ. ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ 226 ಎಂಬ ನಂಬರಿನ ಕೆರೆಯನ್ನು ಪ್ಲಾಸ್ಟಿಕ್ ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರಾಯಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಸಿಹಿನೀರಿನ ಕೆರೆಯಲ್ಲಿ ಅಷ್ಟು ಕಾಲ ಎಲ್ಲವನ್ನೂ ಹಿಡಿದಿಟ್ಟಿದ್ದದ್ದು ರಂಜಕದ ಕೊರತೆ ಎಂಬುದಕ್ಕೆ ಆಕಾಶದಿಂದ ತೆಗೆದ ಆ ಫೋಟೊಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಕೆನಡಾದಲ್ಲಿ ಪ್ರಯೋಗವಾಗಿ ಮಾಡಿದ್ದನ್ನು ನಾವು ಬೆಳ್ಳಂದೂರು, ವರ್ತೂರುಗಳಲ್ಲಿ ಪರದೆಯಿಲ್ಲದೆ ಮಾಡಿದ್ದೇವೆ. ನೊರೆ ರಸ್ತೆಗೆ ಹಾರಿದ್ದೂ, 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದೂ ಎಲ್ಲರಿಗೂ ಗೊತ್ತಿರುವುದೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದು ಎಷ್ಟು ಜನಕ್ಕೆ ನೆನಪಿದೆಯೋ. ಕೊಳಚೆ ಸೇರುವ ಕೆರೆಗಳಲ್ಲಿ ಇಂಥ ಸಾವಿನ ಹಿಂದೆ ಸಾಮಾನ್ಯವಾಗಿ ಇರುವುದು ಆಮ್ಲಜನಕದ ಕೊರತೆ. ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿಯೂ ಕೊಳೆಯುವ ಕಸವೂ ಅದನ್ನು ಎಳೆದುಕೊಳ್ಳುತ್ತವೆ. ಬೆಳಗಿನ ಜಾವದ ಹೊತ್ತಿಗೆ ಮೀನಿಗೆ ಉಸಿರಾಡಲು ಏನೂ ಉಳಿದಿರುವುದಿಲ್ಲ. ಹಿಟ್ಟಿನ ಪಾತ್ರೆಯಲ್ಲಿ ಆಮ್ಲ ಮಾಡಿದ ಕೆಲಸ ಇಲ್ಲಿ ಮತ್ತೆ ಕಾಣುತ್ತದೆ, ಮೀನಿನ ತಪ್ಪಿಲ್ಲದೆ.

ಯಂತ್ರ ಮತ್ತು ಮೂತಿಹುಳ

ನೇರಳೆ ಹೂ ಬಿಟ್ಟು ಕೆರೆ ಮುಚ್ಚುವ ವಾಟರ್ ಹಯಸಿಂತ್ ಎಂಬ ಕಳೆಗೆ ದಕ್ಷಿಣ ಅಮೆರಿಕ ತವರು. ಅನುಕೂಲ ಕಂಡರೆ ಒಂದೆರಡು ವಾರಕ್ಕೇ ಎರಡರಷ್ಟಾಗುತ್ತದೆ. ನಮ್ಮ ಕೆರೆಯಲ್ಲಿ ಅದನ್ನು ಎತ್ತಲು ತೇಲುವ ಯಂತ್ರವೊಂದು ಬಂದಿತ್ತು. ಸಂಜೆ ವಾಕಿಂಗ್‌ಗೆ ಬಂದವರೆಲ್ಲ ಮೊಬೈಲ್ ಹಿಡಿದು ನಿಂತಿದ್ದರು. ಯಂತ್ರ ನಡೆಸುವಾತ ರಾಯಚೂರಿನ ಕಡೆಯವನು, ದಡಕ್ಕೆ ಬಂದು ಬೀಡಿ ಹಚ್ಚಿದ. ಯಾವಾಗ ಮುಗಿಯುತ್ತದೆ ಎಂದು ಯಾರೋ ಕೇಳಿದರು. 'ಮುಗಿಯುವುದೆಲ್ಲಿ ಬಂತು ಸರ್? ಆ ದಡ ಮುಟ್ಟುವಷ್ಟರಲ್ಲಿ ಈ ದಡದಲ್ಲಿ ಚಿಗುರಿರುತ್ತದೆ. ನೀರಿನಲ್ಲಿ ಗೊಬ್ಬರ ಇದೆಯಲ್ಲ' ಎಂದ. ಬಾಸೆಲ್‌ನವರಿಗೆ ಇಪ್ಪತ್ತೈದು ವರ್ಷ ಹಿಡಿದದ್ದು ಈತನಿಗೆ ಒಂದೇ ಗುತ್ತಿಗೆಯಲ್ಲಿ ಗೊತ್ತಾಗಿತ್ತು.

ಈ ಕಳೆಗೆ ಇನ್ನೊಂದು ಹಿಡಿತವನ್ನು ಬೆಂಗಳೂರೇ ಒಮ್ಮೆ ಕೊಟ್ಟು ನೋಡಿದ್ದುಂಟು. ಇಲ್ಲಿಗೆ ಬಂದಾಗ ಅದು ತವರಿನ ತನ್ನ ಶತ್ರುಗಳನ್ನು ಬಿಟ್ಟು ಬಂದಿತ್ತು. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಶತ್ರುಗಳಲ್ಲಿ ಒಂದಾದ ಪುಟ್ಟ ಮೂತಿಹುಳವನ್ನು, ಅದು ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲವೆಂದು ಖಾತರಿ ಮಾಡಿಕೊಂಡು, ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಕೆಲವು ವರ್ಷಗಳಲ್ಲಿ ಕಳೆ ಹತೋಟಿಗೆ ಬಂದ ಬಗ್ಗೆ ವರದಿಗಳು ಪ್ರಕಟವಾದವು. ಹಾಗಾದರೆ ಇಂದು ಕೆರೆ ತುಂಬ ಹೂವೇಕೆ? ಹುಳ ಎಲೆ ಕೆರೆದು ತಿನ್ನುವ ವೇಗಕ್ಕೆ ಒಂದು ಮಿತಿಯಿದೆ. ಕೊಳಚೆ ಕುಡಿದ ಗಿಡ ಅದಕ್ಕಿಂತ ಬೇಗ ಹೊಸ ಎಲೆ ಬಿಡುತ್ತದೆ. ಅದರ ಮೇಲೆ ನಾವು ಯಂತ್ರ ತಂದು ಗಿಡದ ಜೊತೆಗೆ ಮೊಟ್ಟೆ, ಮರಿ, ಹುಳ ಎಲ್ಲವನ್ನೂ ಎತ್ತಿ ದಡಕ್ಕೆ ಹಾಕುತ್ತೇವೆ. ಬೀಜ ಮಾತ್ರ ಹತ್ತಾರು ವರ್ಷ ಕೆಸರಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಗಿಡ ಮರಳಿ ಬರುತ್ತದೆ, ಹುಳ ಹಿಂದೆ ಬೀಳುತ್ತದೆ.

ಮನುಷ್ಯರ ಲೆಕ್ಕವೇ ಬೇರೆ ಎಂದು ವಾದಿಸುವವರಿದ್ದಾರೆ. ಅರ್ಧ ಒಪ್ಪುತ್ತೇನೆ. 1920ರಲ್ಲಿ ರೇಮಂಡ್ ಪರ್ಲ್ ಮತ್ತು ಲೋವೆಲ್ ರೀಡ್ ವೆರ್ಹುಲ್ಸ್ಟ್‌ನ ರೇಖೆಯನ್ನೇ ಹಿಡಿದು ಅಮೆರಿಕದ ಜನಸಂಖ್ಯೆ ಸುಮಾರು 19.7 ಕೋಟಿಯಲ್ಲಿ ನಿಲ್ಲುತ್ತದೆ ಎಂದಿದ್ದರು. ಐವತ್ತು ವರ್ಷ ಕಳೆಯುವ ಮೊದಲೇ ಅದು ಇಪ್ಪತ್ತು ಕೋಟಿ ದಾಟಿತು. ಮಿತಿಯನ್ನು ಆಚೆ ತಳ್ಳುವುದರಲ್ಲಿ ನಾವು ನಿಪುಣರು. 84 ಲಕ್ಷ ಎಂದು 2011ರಲ್ಲಿ ಎಣಿಸಿಕೊಂಡ ನದಿಯಿಲ್ಲದ ಈ ಊರಿಗಿಂತ ಅದಕ್ಕೆ ಬೇರೆ ಉದಾಹರಣೆ ಬೇಡ. ಒಪ್ಪದ ಅರ್ಧ ಯಾವುದೆಂದರೆ, ತಳ್ಳಿದ ಮಿತಿ ಆವಿಯಾಗಿ ಹೋಗುತ್ತದೆ ಎಂಬ ಭಾವನೆ. ಅದು ಯಾರದೋ ಊರಿಗೆ ಹೋಗಿ ಕೂರುತ್ತದೆ.

ಈಗ ಅದು ಹೋಗುತ್ತಿರುವುದು ಕೋಲಾರಕ್ಕೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಅಲ್ಲಿನ ಬತ್ತಿದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೊದಲು ತುಂಬಿದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿ, ವಿಷಯ ನ್ಯಾಯಾಲಯದವರೆಗೂ ಹೋಯಿತು. ನೀರಿಗಾಗಿ ದಶಕಗಟ್ಟಲೆ ಹೋರಾಡಿದ ಜಿಲ್ಲೆ ಅದು. ಸಾವಿರ ಅಡಿ ಕೊರೆದರೂ ಬರೀ ಧೂಳು ಬರುತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಏರಿದಾಗ ಆ ರೈತರಿಗಾದ ಸಂತೋಷದ ಮುಂದೆ ಬೆಂಗಳೂರಿನಲ್ಲಿ ಕೂತ ನನ್ನಂಥವಳು ಮೂಗು ಮುರಿಯುವುದು ಸಲ್ಲದು. ಆ ಕಡೆಯ ಸಂಬಂಧಿಕರೊಬ್ಬರನ್ನು, ಹೂಳೆತ್ತುವುದು ಯಾವಾಗ ಭಾವ ಎಂದು ಕೇಳಿದರೆ, 'ಬತ್ತಿದರೆ ತಾನೇ ಎತ್ತುವುದು' ಎಂದು ನಕ್ಕರು. ಹರಿಯುವ ನೀರಿಗೆ ಆಗಿರುವುದು ಎರಡನೆಯ ಹಂತದ ಶುದ್ಧೀಕರಣ. ಕೊಳೆಯುವ ಪದಾರ್ಥವನ್ನು ಅದು ಬಹುಮಟ್ಟಿಗೆ ತೆಗೆಯುತ್ತದೆ, ರಂಜಕವನ್ನು ಅಷ್ಟಾಗಿ ತೆಗೆಯುವುದಿಲ್ಲ. ರಂಜಕವನ್ನೂ ತೆಗೆಯಬಲ್ಲ ಮೂರನೆಯ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಅಲ್ಲಿನ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಬೇಸಿಗೆ ಹೋದ ಕೆರೆಗೆ ಉಳಿದಿರುವ ಹಿಡಿತ ಅದೊಂದೇ ಎಂಬುದು ನನ್ನ ಲೆಕ್ಕ. ಖರ್ಚು ಜಾಸ್ತಿ ಎನ್ನುವವರು, ತೇಲುವ ಯಂತ್ರಗಳ ವರ್ಷದ ಗುತ್ತಿಗೆ ಮೊತ್ತವನ್ನೂ ಅದರ ಪಕ್ಕದ ಕಾಲಂನಲ್ಲಿ ಬರೆದು ತೋರಿಸಿದರೆ ಕೂತು ಓದಲು ನಾನು ತಯಾರಿದ್ದೇನೆ.